ಸಾಹಿತ್ಯ ಹಬ್ಬದಲ್ಲಿ ಮಕ್ಕಳ ಗೋಷ್ಠಿ: 45 ನಿಮಿಷ, 200 ಮಕ್ಕಳು, ಒಂದು ಚಿತ್ರಪುಸ್ತಕ

ಹೆಜ್ಜಾರ್ಲೆ

ಮೈಸೂರಿನ ಸಾಹಿತ್ಯ ಹಬ್ಬವೊಂದರ ಮಕ್ಕಳ ವೇದಿಕೆಗೆ ಆಹ್ವಾನ ಬಂದಿದೆ. ಪತ್ರದಲ್ಲಿರುವುದು ಇಷ್ಟು: ಶನಿವಾರ ಬೆಳಿಗ್ಗೆ 11.30ರಿಂದ 12.15, 'ಲೇಖಕರೊಂದಿಗೆ ಸಂವಾದ', ಶಾಮಿಯಾನದ ಕೆಳಗೆ, 3ರಿಂದ 7ನೇ ತರಗತಿಯ ಸುಮಾರು 200 ಮಕ್ಕಳು. ಎರಡು ಶಾಲೆ ಮೈಸೂರಿನವು, ಎರಡು ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಗಳು. ಪುಸ್ತಕ 32 ಪುಟದ್ದು, ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಮರಿಯ ಕಥೆ, ಬೆಲೆ 150 ರೂಪಾಯಿ.

ಸಮಯ ಹೇಗೆ ಹಂಚಿಕೊಳ್ಳಬೇಕು, ಅಷ್ಟು ಮಕ್ಕಳಿಗೆ ಚಿತ್ರ ಹೇಗೆ ತೋರಿಸಬೇಕು, ಆಯೋಜಕರ ಹತ್ತಿರ ಮೊದಲೇ ಏನೇನು ಕೇಳಿಕೊಳ್ಳಬೇಕು, ಎಲ್ಲೆಲ್ಲಿ ಕೆಡುತ್ತದೆ? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಥೆಪೆಟ್ಟಿಗೆ

ಮೇಡಂ, ಮೊದಲು ಆ 45 ನಿಮಿಷವನ್ನು 28 ಅಂತ ಎಣಿಸಿಕೊಳ್ಳಿ. ಹಿಂದಿನ ಗೋಷ್ಠಿ ಐದು ನಿಮಿಷ ಎಳೆಯುತ್ತದೆ. 200 ಮಕ್ಕಳು ಬಂದು ಚಪ್ಪಲಿ ಬಿಟ್ಟು ಕೂರಲು ಏಳೆಂಟು ನಿಮಿಷ. ಸ್ವಾಗತ, ಪರಿಚಯ, ಹಾರ, ಶಾಲು ಅಂದರೆ ಇನ್ನೈದು. ಸನ್ಮಾನ ಏನಿದ್ದರೂ ಮಕ್ಕಳು ಹೊರಟ ಮೇಲೆ ಇಟ್ಟುಕೊಳ್ಳಿ ಎಂದು ಪತ್ರದಲ್ಲೇ ಬರೆದುಬಿಡಿ. ಬಾಯಲ್ಲಿ ಹೇಳಿದರೆ ಆ ದಿನ ಯಾರಿಗೂ ನೆನಪಿರುವುದಿಲ್ಲ.

28 ನಿಮಿಷದಲ್ಲಿ ಒಂದು ಒಗಟಿಗೆ 3, ಕಥೆಗೆ 12, ಕೈಕೆಲಸಕ್ಕೆ 5, ಪ್ರಶ್ನೆಗೆ 8. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿ. ಬಂದ ಸಮಯಕ್ಕೆ ಅದರ ಅರ್ಧ ಸೇರಿಸಿ, ಮಕ್ಕಳ ಮುಂದೆ ಅಷ್ಟು ಹಿಡಿಯುತ್ತದೆ. ಅಂದರೆ ಮನೆಯಲ್ಲಿ 8 ನಿಮಿಷಕ್ಕೆ ಮುಗಿಯುವ ಕಥೆ ಇರಬೇಕು. ಸಮಯ ಕತ್ತರಿಸಿದರೆ ಯಾವ ಪುಟದಿಂದ ಯಾವ ಪುಟಕ್ಕೆ ಹಾರಬಹುದು ಎಂದು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಮಧ್ಯ ಬಿಟ್ಟರೂ ಕಥೆ ನಿಲ್ಲುತ್ತದೆ, ಕೊನೆ ಬಿಟ್ಟರೆ ಮಕ್ಕಳು ಕ್ಷಮಿಸುವುದಿಲ್ಲ.

ಪುಸ್ತಕ ಕೈಯಲ್ಲಿ ಹಿಡಿದು ಓದಬೇಡಿ. ಮೂರನೇ ಸಾಲಿನ ಆಚೆಗೆ ಚಿತ್ರ ಕಾಣುವುದಿಲ್ಲ. ಕಾಣದ ಮಗು ಮೊಣಕಾಲ ಮೇಲೆ ಏಳುತ್ತದೆ, ಅದರ ಹಿಂದಿನದು ನಿಲ್ಲುತ್ತದೆ, ಎರಡು ನಿಮಿಷದಲ್ಲಿ ಇಡೀ ಶಾಮಿಯಾನವೇ ನಿಂತಿರುತ್ತದೆ. ಅದರ ಬದಲು 12 ಚಿತ್ರ ಆರಿಸಿ, 42 × 59 ಸೆಂ.ಮೀ. ಅಳತೆಗೆ, ಅಂದರೆ ಎ2ಗೆ, 3 ಮಿ.ಮೀ. ಸನ್‌ಬೋರ್ಡ್ ಎಂಬ ಹಗುರ ಹಲಗೆಯ ಮೇಲೆ ಅಂಟಿಸಿಸಿ. ಫ್ಲೆಕ್ಸ್ ಅಂಗಡಿಗಳಲ್ಲಿ ಮಾಡಿಕೊಡುತ್ತಾರೆ. ಹೊಳಪಿನ ಲ್ಯಾಮಿನೇಷನ್ ಬೇಡ, ಬೆಳಕು ಬಿದ್ದು ಒಂದು ಪಕ್ಕದವರಿಗೆ ಬರೀ ಬಿಳಿ ಕಾಣುತ್ತದೆ. ಮ್ಯಾಟ್ ಹಾಕಿಸಿ.

ಕಥೆಯ ಮಾತನ್ನು ಹಲಗೆಗಳ ಬೆನ್ನಿಗೆ ಬರೆದುಕೊಳ್ಳುವುದರಲ್ಲಿ ಸುಮಾರು ಜನ ತಪ್ಪುತ್ತಾರೆ. 1ನೇ ಚಿತ್ರ ಮಕ್ಕಳ ಕಡೆ ಇರುವಾಗ ನಿಮ್ಮ ಕಣ್ಣೆದುರು ಇರುವುದು ಕಟ್ಟಿನ ಕೊನೆಯ ಹಲಗೆಯ ಬೆನ್ನು. ಆದ್ದರಿಂದ 1ನೇ ಚಿತ್ರದ ಮಾತು 12ನೇ ಹಲಗೆಯ ಬೆನ್ನಿಗೆ, 2ನೇ ಚಿತ್ರದ್ದು 1ನೇ ಹಲಗೆಯ ಬೆನ್ನಿಗೆ, 3ನೆಯದು 2ಕ್ಕೆ, ಹೀಗೆ. ತೋರಿಸಿ ಮುಗಿದ ಹಲಗೆಯನ್ನು ಹಿಂದಕ್ಕೆ ಸರಿಸಿದಾಗ ಮುಂದಿನ ಮಾತು ತಾನಾಗಿ ಎದುರಿಗೆ ಬರುತ್ತದೆ. ಒಂದು ಮೂಲೆಯಲ್ಲಿ ದೊಡ್ಡದಾಗಿ ಸಂಖ್ಯೆ ಬರೆಯಿರಿ, ಗಾಳಿಗೆ ಬಿದ್ದರೂ ಜೋಡಿಸಿಕೊಳ್ಳಬಹುದು.

ಮೈಕ್‌ಸೆಟ್

ಹಲಗೆ ಹಿಡಿಯಲು ಎರಡು ಕೈ ಬೇಕು, ಹಾಗಾಗಿ ಕೈಮೈಕ್ ಆಗುವುದಿಲ್ಲ. ಸ್ಟ್ಯಾಂಡ್ ಮೈಕ್ ಇಟ್ಟರೆ ಹಲಗೆ ಕಡೆ ತಿರುಗಿದಾಗಲೆಲ್ಲ ದನಿ ಹೋಗುತ್ತದೆ. ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಮೈಕ್ ಬೇಕು ಅಂತ ಒಂದು ವಾರ ಮುಂಚೆ ಕೇಳಿ. ಅದರ ತುದಿ ತುಟಿಯ ಎದುರಿಗೆ ಬರಬಾರದು, ಕೆನ್ನೆಯ ಕಡೆ ಎರಡು ಬೆರಳು ಅಂತರದಲ್ಲಿರಲಿ. ಎದುರಿಗಿದ್ದರೆ 'ಪ', 'ಫ', 'ಭ' ಬಂದಾಗಲೆಲ್ಲ ಢಬ್ ಅನ್ನುತ್ತದೆ.

ಶಿಳ್ಳೆ ಬರುವುದು ಯಾಕೆ ಅಂದರೆ, ಮಕ್ಕಳ ಲೇಖಕರು ಮಾತಾಡುತ್ತ ಮಕ್ಕಳ ಮಧ್ಯಕ್ಕೆ ನಡೆದುಬಿಡುತ್ತಾರೆ. ಸ್ಪೀಕರ್ ಬಾಕ್ಸ್‌ಗಿಂತ ಮುಂದೆ ಹೋದ ತಕ್ಷಣ ಅದರ ದನಿ ಮತ್ತೆ ಮೈಕಿಗೆ ನುಗ್ಗಿ ಕುಯ್ ಅನ್ನುತ್ತದೆ. ಪುಟ್ಟ ಮಕ್ಕಳು ಬೆಚ್ಚಿ ಕಿವಿ ಮುಚ್ಚಿಕೊಳ್ಳುತ್ತಾರೆ. ಎಲ್ಲಿಯವರೆಗೆ ಬರಬಹುದು ಅಂತ ಆಪರೇಟರ್ ಹತ್ತಿರ ನೆಲದ ಮೇಲೆ ಟೇಪ್ ಗೆರೆ ಹಾಕಿಸಿಕೊಳ್ಳಿ. ಪ್ರಶ್ನೆಗೆ ಬೇರೆ ಕಾರ್ಡ್‌ಲೆಸ್ ಮೈಕ್ ಬೇಕು. ಅದನ್ನು ಮಗುವಿನ ಕೈಗೆ ಕೊಡದೆ ಸ್ವಯಂಸೇವಕರೇ ಹಿಡಿಯಲಿ. ಮಕ್ಕಳು ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ, ಅದರಿಂದಲೂ ಶಿಳ್ಳೆ.

ಪ್ರೊಜೆಕ್ಟರ್ ನಂಬಬೇಡಿ. ಹಗಲು ಹೊತ್ತು ಬಿಳಿ ಬಟ್ಟೆಯ ಶಾಮಿಯಾನದೊಳಗೆ ಯಾವ ಪ್ರೊಜೆಕ್ಟರಿನ ಚಿತ್ರವೂ ತೊಳೆದ ಬಟ್ಟೆ ಥರ ಕಾಣುತ್ತದೆ. ಎಲ್‌ಇಡಿ ಪರದೆ ಇದ್ದರೆ ಮಾತ್ರ ಸ್ಲೈಡ್ ತನ್ನಿ. ತಂದರೂ ಪಿಡಿಎಫ್ ಮಾಡಿ ತನ್ನಿ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಪ್ರತಿ ಹಬ್ಬದಲ್ಲೂ ಇದೇ ಗೋಳು. ಯೂನಿಕೋಡಿನಲ್ಲಿದ್ದರೂ ಫಾಂಟ್ ಬದಲಾದರೆ ಸಾಲು ಮುರಿದು ಚಿತ್ರದ ಮೇಲೆ ಹತ್ತುತ್ತದೆ.

ಮದ್ದೂರು ಮೇಷ್ಟ್ರು

ಅಕ್ಕ, ಶನಿವಾರ ಅಂದರಲ್ಲ, ಅಲ್ಲೇ ಒಂದು ತೊಡಕಿದೆ. ಶನಿವಾರ ಬೆಳಗಿನ ಶಾಲೆ. ಮಂಡ್ಯ ಮೈಸೂರಿಗೆ 45 ಕಿ.ಮೀ., ಹಳ್ಳಿ ಶಾಲೆಯಿಂದ ಇನ್ನೂ ಹೆಚ್ಚು. ಮಕ್ಕಳು 8 ಗಂಟೆಗೇ ವ್ಯಾನ್ ಹತ್ತಿರುತ್ತಾರೆ. 12.15ಕ್ಕೆ ಮುಗಿಸಿ ಊರು ತಲುಪುವ ಹೊತ್ತಿಗೆ 2 ದಾಟುತ್ತದೆ. ಊಟ ಎಲ್ಲಿ ಅನ್ನುವುದು ಆಹ್ವಾನಪತ್ರದಲ್ಲಿ ಇಲ್ಲದಿದ್ದರೆ ನೀವೇ ಕೇಳಿ. ಹಸಿದ ಮಗುವಿಗೆ ಯಾವ ಕಥೆಯೂ ಹತ್ತುವುದಿಲ್ಲ.

ಇನ್ನೊಂದು ಮಾತು ನೇರವಾಗಿಯೇ ಹೇಳುತ್ತೇನೆ. ಮಕ್ಕಳ ಗೋಷ್ಠಿ 11.30ಕ್ಕೆ ಇದ್ದರೂ ಶಾಲೆಗಳನ್ನು 9.30ಕ್ಕೇ ಬನ್ನಿ ಎನ್ನುತ್ತಾರೆ. ಉದ್ಘಾಟನೆಯ ಕುರ್ಚಿ ತುಂಬಬೇಕಲ್ಲ. ಎರಡು ಗಂಟೆ ಭಾಷಣ ಕೇಳಿ ಬಂದ ಮಗುವಿನ ಮುಂದೆ ಕಥೆ ಹೇಳುವುದು ಆ ಮಗುವಿಗೂ ಅನ್ಯಾಯ, ಕಥೆಗೂ ಅನ್ಯಾಯ. 'ಮಕ್ಕಳು ಗೋಷ್ಠಿಗೆ 20 ನಿಮಿಷ ಮುಂಚೆ ಬಂದರೆ ಸಾಕು, ಉದ್ಘಾಟನೆಗೆ ಕೂರಿಸಬಾರದು' ಎಂದು ಲೇಖಕರೇ ಬರೆದರೆ ಅದಕ್ಕೆ ತೂಕ ಇರುತ್ತದೆ. ಶಾಲೆಯವರು ಹೇಳಿದರೆ ನಡೆಯುವುದಿಲ್ಲ.

ಶಾಲೆ ಕಡೆಯ ತಯಾರಿಗೆ 15 ದಿನವಾದರೂ ಬೇಕು. ಮುಖ್ಯ ಶಿಕ್ಷಕರಿಗೆ ಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ, ಪೋಷಕರ ಒಪ್ಪಿಗೆ ಚೀಟಿ, ವಾಹನ. 20 ಮಕ್ಕಳಿಗೆ ಒಬ್ಬ ಶಿಕ್ಷಕರು, ಹೆಣ್ಣುಮಕ್ಕಳಿದ್ದಲ್ಲಿ ಒಬ್ಬ ಮೇಡಂ ಇರಲೇಬೇಕು. ಫೋಟೋ ತೆಗೆಯುವುದಿದ್ದರೆ ಅದೂ ಒಪ್ಪಿಗೆ ಚೀಟಿಯಲ್ಲೇ ಇರಲಿ. ಫೋಟೋ ಜೊತೆ ಮಗುವಿನ ಹೆಸರು, ಶಾಲೆ, ತರಗತಿ ಮೂರನ್ನೂ ಹಾಕಿ ಹಂಚುವುದು ಬೇಡವೇ ಬೇಡ.

ಪುಸ್ತಕದ ನಾಲ್ಕೈದು ಪ್ರತಿ ಒಂದು ವಾರ ಮೊದಲೇ ಪ್ರತಿ ಶಾಲೆಗೆ ಕಳಿಸಿ. 'ಪ್ರಶ್ನೆ ಬರೆದುಕೊಂಡು ಬನ್ನಿ' ಅಂದರೆ ನಾವು ಮೇಷ್ಟ್ರುಗಳೇ ಬರೆದುಕೊಡುತ್ತೇವೆ, ನಾಲ್ಕೂ ಶಾಲೆಯಿಂದ 'ನಿಮಗೆ ಸ್ಫೂರ್ತಿ ಯಾರು' ಅನ್ನುವುದೇ ಬರುತ್ತದೆ. 'ಯಾವ ಪುಟದ ಯಾವ ಚಿತ್ರದಲ್ಲಿ ನಿನಗೆ ಅನುಮಾನ ಬಂತು, ಪುಟದ ಸಂಖ್ಯೆ ಬರೆ' ಅನ್ನಿ. ಆಗ ಬರುವುದು ಮಗುವಿನದೇ ಪ್ರಶ್ನೆ.

ಕಥೆಪೆಟ್ಟಿಗೆ

ಮೇಷ್ಟ್ರು ಹೇಳಿದ ಉದ್ಘಾಟನೆಯ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಮೇಡಂ, ಬೇರೆಲ್ಲ ಬಿಟ್ಟರೂ ಅದನ್ನು ಬಿಡಬೇಡಿ.

ಹೆಜ್ಜಾರ್ಲೆ

ಬಹಳ ಉಪಕಾರವಾಯಿತು. ಮೂರು ಅನುಮಾನ ಉಳಿದಿವೆ. 3ನೆಯ ಮತ್ತು 7ನೆಯ ತರಗತಿಯವರನ್ನು ಒಟ್ಟಿಗೆ ಕೂರಿಸುವುದು ಸರಿಯೇ? ಕೈಕೆಲಸ 200 ಜನಕ್ಕೆ ಆಗುತ್ತದೆಯೇ? ಕಥೆಯಲ್ಲಿ ಮಂಡ್ಯದ ಮಾತು ಬಳಸಿದ್ದೇನೆ, ಮೈಸೂರಿನ ಶಾಲೆಗಳ ಮಕ್ಕಳಿಗೆ ತೊಡಕಾಗುತ್ತದೆಯೇ?

ಹಬ್ಬದ ಸ್ವಯಂಸೇವಕಿ

ಮೊದಲನೆಯದಕ್ಕೆ: ಆಗುವುದಾದರೆ ಎರಡು ಸರದಿ ಕೇಳಿ, 100 + 100, ತಲಾ 25 ನಿಮಿಷ. ಒಂದು ಗುಂಪು ಪುಸ್ತಕ ಮಳಿಗೆ ನೋಡುವಾಗ ಇನ್ನೊಂದು ಕಥೆ ಕೇಳುತ್ತದೆ. ಆಯೋಜಕರಿಗೂ ಇದು ಅನುಕೂಲವೇ. ಆಗದಿದ್ದರೆ 3, 4ನೆಯವರನ್ನು ಮುಂದೆ ಜಮಖಾನದ ಮೇಲೆ, ಅವರ ಹಿಂದೆ 5ನೆಯವರು, 6 ಮತ್ತು 7 ಕುರ್ಚಿ ಅಥವಾ ಬೆಂಚಿನ ಮೇಲೆ. ಸಾಲು ನೇರ ಬೇಡ, ಅರ್ಧಚಂದ್ರ ಇರಲಿ. ನಲಿ-ಕಲಿ ತರಗತಿಯಿಂದ ಬಂದ ಸರ್ಕಾರಿ ಶಾಲೆ ಮಕ್ಕಳಿಗೆ ನೆಲದ ಮೇಲೆ ಗುಂಪಾಗಿ ಕೂತು ಕಲಿತ ಅಭ್ಯಾಸ ಚೆನ್ನಾಗಿದೆ. ಆ ಪದ್ಧತಿ 1995ರಲ್ಲಿ ಶುರುವಾದದ್ದೇ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಮಧ್ಯದಲ್ಲಿ 3 ಅಡಿ ದಾರಿ ಬಿಡಿಸಿ, ಬಾತ್‌ರೂಮಿಗೆ ಎದ್ದ ಮಗು ಮೂವತ್ತು ಜನರನ್ನು ತುಳಿದುಕೊಂಡು ಹೋಗುವುದು ತಪ್ಪುತ್ತದೆ.

ಜಾಗದ ಆಯ್ಕೆ ಇನ್ನೂ ಆಗಿಲ್ಲದಿದ್ದರೆ ಒಂದು ಮಾತು. ಕಲಾಮಂದಿರದ ದೊಡ್ಡ ಸಭಾಂಗಣದಂಥಲ್ಲಿ ವೇದಿಕೆ ಎತ್ತರ, ಮಕ್ಕಳು ದೂರ. ಅದೇ ಆವರಣದ ಕಿರುರಂಗಮಂದಿರದಂಥ ಚಿಕ್ಕ ಜಾಗವೇ ಕಥೆಗೆ ವಾಸಿ, ಹೊರಗಿನ ಸದ್ದೂ ಕಡಿಮೆ. ಶಾಮಿಯಾನವೇ ಖಾಯಂ ಆದರೆ ಪಕ್ಕದ ವೇದಿಕೆಯ ಸ್ಪೀಕರ್ ಯಾವ ಕಡೆ ಮುಖ ಮಾಡಿದೆ, ಜನರೇಟರ್ ಎಲ್ಲಿದೆ ಎಂದು ಹಿಂದಿನ ಸಂಜೆ ಹೋಗಿ ನೋಡಿ.

ಮೈಸೂರಿನ ಮಕ್ಕಳಲ್ಲಿ ಕೆಲವರು ರಂಗಾಯಣದ ಚಿಣ್ಣರ ಮೇಳದಂಥ ಮಕ್ಕಳ ರಂಗಶಿಬಿರಗಳಿಗೆ ಹೋಗಿ ಬಂದಿರುತ್ತಾರೆ. ಮೈಕ್ ಕಂಡರೆ ಹೆದರಿಕೆ ಇಲ್ಲ, ಎಲ್ಲ ಪ್ರಶ್ನೆಯನ್ನೂ ಅವರೇ ಕೇಳಿಬಿಡುತ್ತಾರೆ. ಹಳ್ಳಿ ಮಕ್ಕಳು ಸುಮ್ಮನಾಗುತ್ತಾರೆ. 'ಕೈ ಎತ್ತಿ' ಎನ್ನಬೇಡಿ. ಒಂದು ಪ್ರಶ್ನೆ ಈ ಶಾಲೆಯಿಂದ, ಮುಂದಿನದು ಆ ಶಾಲೆಯಿಂದ ಎಂದು ಸರದಿ ಮಾಡಿ.

ಮದ್ದೂರು ಮೇಷ್ಟ್ರು

ಭಾಷೆಯ ವಿಷಯ. ಕಥೆಯಲ್ಲಿ ನಮ್ಮ ಮಾತಿದ್ದರೆ ಇರಲಿ, ಮೈಸೂರಿನ ಮಕ್ಕಳಿಗೆ ಅರ್ಥವಾಗುತ್ತದೆ. ತೊಡಕು ಬರುವುದು ಪ್ರಶ್ನೆಯ ಹೊತ್ತಿನಲ್ಲಿ. ನಿಮ್ಮದು ಹಕ್ಕಿಯ ಕಥೆ. ನಮ್ಮ ಕಡೆಯ ಎಷ್ಟೋ ಐಕಳಿಗೆ 'ಹ' ನಾಲಿಗೆಗೆ ಬರುವುದಿಲ್ಲ. ಒಂದು ಮಗು ಎದ್ದು 'ಆ ಅಕ್ಕಿ ಯಾಕೆ ನಮ್ಮೂರ್ಗೇ ಬತ್ತದೆ' ಅನ್ನುತ್ತದೆ. ಪಕ್ಕದ ಶಾಲೆಯವರು ಗೊಳ್ ಅಂತ ನಗುತ್ತಾರೆ. ಮಗು ಕೂತುಬಿಡುತ್ತದೆ, ಆ ಶಾಲೆಯಿಂದ ಮತ್ತೆ ಒಂದು ಪ್ರಶ್ನೆಯೂ ಏಳುವುದಿಲ್ಲ. ಆಗ ನೀವು 'ಹಕ್ಕಿ ಅನ್ನಬೇಕು ಮರಿ' ಅಂತ ತಿದ್ದಬೇಡಿ, ನಕ್ಕವರನ್ನು ಬೈಯಲೂ ಬೇಡಿ. ತಕ್ಷಣ ಪ್ರಶ್ನೆಗೆ ಉತ್ತರ ಕೊಡಿ, ಅದೇ ಮಾತಿನ ಲಯದಲ್ಲಿ ಕೊಡಿ: 'ಹುಣಸೇಮರ ಅದೆ, ನಿಮ್ಮೂರ ಜನ ಕಲ್ಲು ಹೊಡೆಯಲ್ಲ, ಅದಕ್ಕೇ ಬತ್ತದೆ ಕಣಪ್ಪ.' ನಗು ಅಲ್ಲಿಗೆ ನಿಲ್ಲುತ್ತದೆ, ಮಗು ತಲೆ ಎತ್ತುತ್ತದೆ.

ಕೊಕ್ಕರೆಬೆಳ್ಳೂರಿನ ಮಕ್ಕಳೇ ಬಂದಿದ್ದರೆ ಇನ್ನೂ ಎಚ್ಚರವಾಗಿರಿ. ಅವರಿಗೆ ಹೆಜ್ಜಾರ್ಲೆಯೂ ಗೊತ್ತು, ಬಣ್ಣದ ಕೊಕ್ಕರೆಯೂ ಗೊತ್ತು. ಗೂಡಿನಿಂದ ಬಿದ್ದ ಮರಿಗೆ ಮೀನು ತಿನ್ನಿಸಿ ಬೆಳೆಸುವುದನ್ನೂ ಆ ಊರಲ್ಲಿ ನೋಡಿರುತ್ತಾರೆ. ಚಿತ್ರದಲ್ಲಿ ಕೊಕ್ಕಿನ ಬಣ್ಣ ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ. ಹೇಳಿದರೆ 'ಹೌದು, ತಪ್ಪಾಗಿದೆ, ಮುಂದಿನ ಮುದ್ರಣದಲ್ಲಿ ಸರಿ ಮಾಡುತ್ತೇನೆ' ಅನ್ನಿ.

ಗೆರೆಬಣ್ಣ

ಕೈಕೆಲಸ ಆಗುತ್ತದೆ. ಕತ್ತರಿ, ಗೋಂದು, ಬಣ್ಣ ಮಾತ್ರ ಬೇಡ. ಹೆಜ್ಜಾರ್ಲೆಯ ಕಥೆಗೆ ಬಾಯಿ ತೆರೆಯುವ ಕೊಕ್ಕು ಹೇಳಿ ಮಾಡಿಸಿದ ಹಾಗಿದೆ. ಎ4 ಹಾಳೆಯನ್ನು ಉದ್ದುದ್ದಕ್ಕೆ ಮೂರು ಪದರ ಮಡಿಸಿ, 7 ಸೆಂ.ಮೀ. ಅಗಲದ ಪಟ್ಟಿಯಾಗುತ್ತದೆ. ಆ ಪಟ್ಟಿಯನ್ನು ಅಡ್ಡಕ್ಕೆ ಅರ್ಧ ಮಡಿಸಿ. ಈಗ ಮೇಲಿನ ತುದಿಯನ್ನು ಹೊರಕ್ಕೆ ತಿರುಗಿಸಿ ನಡುಮಡಿಕೆಗೆ ಮುಟ್ಟಿಸಿ ಮಡಿಸಿ, ಕೆಳಗಿನ ತುದಿಯನ್ನೂ ಹಾಗೇ ಇನ್ನೊಂದು ಬದಿಗೆ. ಪಕ್ಕದಿಂದ ನೋಡಿದರೆ ಅಂಕುಡೊಂಕು ಕಾಣಬೇಕು. ಪದರದ ಸಂದಿಯಲ್ಲಿ ಮೇಲೆ ನಾಲ್ಕು ಬೆರಳು, ಕೆಳಗೆ ಹೆಬ್ಬೆರಳು ತೂರಿಸಿದರೆ ಕೊಕ್ಕು ತೆರೆದು ಮುಚ್ಚುತ್ತದೆ.

ಕೆಡುವುದು ಮೊದಲ ಮಡಿಕೆಯಲ್ಲೇ. ಮೂರು ಸಮಪಾಲು ಮಾಡುವುದು ಎಂಟು ವರ್ಷದ ಮಗುವಿಗೆ ಕಷ್ಟ, ಅರ್ಧ ಜನ ಅಡ್ಡಕ್ಕೆ ಮಡಿಸುತ್ತಾರೆ, ಅವರನ್ನು ತಿದ್ದುವುದರಲ್ಲೇ ಐದು ನಿಮಿಷ ಹೋಯಿತು. ಅದಕ್ಕೇ ಹಿಂದಿನ ದಿನವೇ ಎಲ್ಲ ಹಾಳೆಗೂ ಆ ಮೂರು ಪದರ ಮಡಿಸಿಟ್ಟಿರಿ. ಮಕ್ಕಳಿಗೆ ಉಳಿಯುವುದು ಮೂರೇ ಮಡಿಕೆ. 220 ಹಾಳೆ ತನ್ನಿ, 20 ಹರಿಯುತ್ತದೆ, ಕಳೆಯುತ್ತದೆ. ಜೆರಾಕ್ಸ್ ಹಾಳೆ ಬೆರಳು ತೂರಿಸುವಾಗ ಹರಿಯುತ್ತದೆ, 100 ಜಿಎಸ್‌ಎಂನ ದಪ್ಪ ಹಾಳೆ ಆದರೆ ತಡೆಯುತ್ತದೆ. ಹಾಳೆಯನ್ನು ಕಥೆ ಮುಗಿದ ಮೇಲೆ ಹಂಚಿಸಿ. ಮೊದಲೇ ಕೊಟ್ಟರೆ ರಾಕೆಟ್ ಆಗಿ ನಿಮ್ಮ ಕಡೆಗೇ ಹಾರಿ ಬರುತ್ತವೆ.

ಇನ್ನೊಂದು ವಿಷಯ, ಇದನ್ನು ಬಹಳ ಕಳಕಳಿಯಿಂದ ಹೇಳುತ್ತಿದ್ದೇನೆ. ಚಿತ್ರಪುಸ್ತಕದಲ್ಲಿ ಅರ್ಧ ಕಥೆ ಹೇಳುವುದು ಚಿತ್ರಕಾರರು. ಬ್ಯಾನರಿನಲ್ಲಿ, ಪರಿಚಯದಲ್ಲಿ ಅವರ ಹೆಸರು ಬರಲೇಬೇಕು. ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸುವ ಮುಂಚೆ ಹಕ್ಕು ಯಾರ ಬಳಿ ಇದೆ ಎಂದು ಒಪ್ಪಂದ ನೋಡಿ, ಚಿತ್ರಕಾರರಲ್ಲೋ ಪ್ರಕಾಶಕರಲ್ಲೋ, ಒಂದು ಸಾಲಿನ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ಬೇರೆ ಕವಿಗಳ ಪದ್ಯ ಹಾಡಿಸುವುದಿದ್ದರೂ ಹಾಗೇ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಪದ್ಯ ಎಲ್ಲರದೂ ಆಗಿದೆ. ಜಿ.ಪಿ. ರಾಜರತ್ನಂ ಅವರದು 1979, ಹಾಗಾಗಿ 2039ರ ಕೊನೆಯವರೆಗೆ ಹಕ್ಕಿದೆ. ಸಭೆಯಲ್ಲಿ ನಾಲ್ಕು ಸಾಲು ಹೇಳುವುದಕ್ಕೆ ಅಡ್ಡಿಯಿಲ್ಲ. ಪೂರ್ತಿ ಪದ್ಯವನ್ನು ಕರಪತ್ರದಲ್ಲಿ ಅಚ್ಚು ಹಾಕಿಸುವುದು, ವಿಡಿಯೋ ಮಾಡಿ ಏರಿಸುವುದು ಅನುಮತಿ ಇಲ್ಲದೆ ಬೇಡ.

ಪುಸ್ತಕದ ಮಳಿಗೆ

ಮಾರಾಟದ ಬಗ್ಗೆ ಯಾರೂ ಬರೆದಿಲ್ಲ, ಆದ್ದರಿಂದ ನಾನು.

150 ರೂಪಾಯಿ ಪುಸ್ತಕವನ್ನು ಸರ್ಕಾರಿ ಶಾಲೆಯ ಮಗು ಆ ಕ್ಷಣದಲ್ಲಿ ಕೊಳ್ಳಲಾಗುವುದಿಲ್ಲ. ಪಕ್ಕದ ಶಾಲೆಯ ಮಗು ಕೊಂಡು ಸಹಿ ಹಾಕಿಸಿಕೊಳ್ಳುವುದನ್ನು ಇದು ನಿಂತು ನೋಡುತ್ತದೆ. ಇದಕ್ಕೆ ದಾರಿ ಮಾಡಲೇಬೇಕು. ಎಲ್ಲ 200 ಮಕ್ಕಳಿಗೂ ಸಹಿ ಇರುವ ಒಂದೊಂದು ಪುಸ್ತಕಗುರುತು ಕೊಡಿ, ಎ4 ದಪ್ಪ ಹಾಳೆಯೊಂದರಲ್ಲಿ ಐದಾರು ಬರುತ್ತವೆ. ಆಯೋಜಕರ ಹತ್ತಿರ ಪ್ರತಿ ಶಾಲೆಯ ಗ್ರಂಥಾಲಯಕ್ಕೆ 5 ಪ್ರತಿ ಕೊಳ್ಳಿಸಿ, ಮುಖಪುಟದ ಒಳಗೆ ಮಗುವಿನ ಹೆಸರಿನ ಬದಲು ಶಾಲೆಯ ಹೆಸರು ಬರೆಯಿರಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಒಂದು ಪ್ರತಿ ಕೊಟ್ಟರೆ ರಜೆಯಲ್ಲೂ ಸಿಗುತ್ತದೆ.

ಮಳಿಗೆ ಲೆಕ್ಕ: ಮಾರಾಟಗಾರರ ಕಮಿಷನ್ ಸಾಮಾನ್ಯವಾಗಿ 30ರಿಂದ 40 ಪರ್ಸೆಂಟ್. ಎಷ್ಟು ಪ್ರತಿ ಕೊಟ್ಟಿರಿ ಎಂದು ಎರಡು ಪ್ರತಿ ಚೀಟಿ ಮಾಡಿ ಸಹಿ ಹಾಕಿಸಿ, ಉಳಿದದ್ದನ್ನು ಅದೇ ಸಂಜೆ ಎಣಿಸಿ ತನ್ನಿ. ವಾರ ಬಿಟ್ಟರೆ ಮೂಲೆ ಮಡಿದು, ಧೂಳು ಹಿಡಿದು ಬರುತ್ತವೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಶಾಲೆಗೆ ಬಿಲ್ ಬೇಕಾಗುತ್ತದೆ, ಬಿಲ್ ಪುಸ್ತಕ ಇರಲಿ. ಜನಜಂಗುಳಿಯಲ್ಲಿ ಯುಪಿಐ ಸುತ್ತುತ್ತಲೇ ಇರುತ್ತದೆ, 50ರ ನೋಟಿನಲ್ಲಿ 1,000 ರೂಪಾಯಿ ಚಿಲ್ಲರೆ ಇಟ್ಟುಕೊಳ್ಳಿ. ಮೇಜು ಹೊರಹೋಗುವ ದಾರಿಯಲ್ಲಿರಲಿ, ಮಗುವಿನ ಸೊಂಟದ ಎತ್ತರಕ್ಕೆ, ಮುಖಪುಟ ಮೇಲೆ ಕಾಣುವಂತೆ.

ಸಹಿಯ ಪೆನ್ನು ಸಣ್ಣ ವಿಷಯವಲ್ಲ. ಆರ್ಟ್ ಪೇಪರ್ ಮೇಲೆ ಜೆಲ್ ಪೆನ್ನಿನ ಶಾಯಿ ಹೀರುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಮಗು ಪುಸ್ತಕ ಮುಚ್ಚಿ ಎದೆಗೊತ್ತಿಕೊಳ್ಳುತ್ತದೆ, ಮನೆಗೆ ಹೋಗಿ ತೆರೆದರೆ ಹೆಸರಿನ ಜಾಗದಲ್ಲಿ ನೀಲಿ ಕಲೆ, ಎದುರು ಪುಟದಲ್ಲಿ ಅದರ ಪಡಿಯಚ್ಚು. ತೆಳು ತುದಿಯ ಪರ್ಮನೆಂಟ್ ಮಾರ್ಕರ್ ತನ್ನಿ, ಬರೆದ ಮೇಲೆ ಹತ್ತು ಎಣಿಸಿ ಮುಚ್ಚಿ. ಹೆಸರನ್ನು ಮೊದಲು ಮಗುವಿನ ಕೈಯಲ್ಲೇ ಚೀಟಿಯಲ್ಲಿ ಬರೆಸಿ. ಧನುಷ್ ಅಂತ ಒಬ್ಬ, ದನುಷ್ ಅಂತ ಇನ್ನೊಬ್ಬ ಬರೆಯುತ್ತಾನೆ, ಮಗು ಬರೆದಂತೆಯೇ ನೀವೂ ಬರೆಯಿರಿ. ಒಂದಕ್ಕೆ ಅರ್ಧ ನಿಮಿಷ ಅಂದರೆ 40 ಪುಸ್ತಕಕ್ಕೆ 20 ನಿಮಿಷ, ಅಷ್ಟರಲ್ಲಿ ವ್ಯಾನ್ ಹಾರನ್ ಹೊಡೆಯುತ್ತಿರುತ್ತದೆ. ಸಹಿಯನ್ನು ಮೊದಲೇ ಹಾಕಿಟ್ಟಿರಿ, ಅಲ್ಲಿ ಹೆಸರು ಮಾತ್ರ ಸೇರಿಸಿ.

ಹೆಜ್ಜಾರ್ಲೆ

ಎಲ್ಲರ ಮಾತನ್ನೂ ಸೇರಿಸಿ ಆಯೋಜಕರಿಗೆ ಹೀಗೆ ಬರೆದಿದ್ದೇನೆ, ನೋಡಿ:

'ಮಕ್ಕಳನ್ನು 11.30ರ ಬದಲು 100ರಂತೆ ಎರಡು ಸರದಿಯಲ್ಲಿ, 10.30 ಮತ್ತು 11.00ಕ್ಕೆ ಕಳಿಸಿಕೊಡಿ. ಮಂಡ್ಯದ ಶಾಲೆಗಳು ಎರಡನೇ ಸರದಿಗೆ. ಉದ್ಘಾಟನಾ ಸಭೆಗೆ ಮಕ್ಕಳನ್ನು ಕೂರಿಸಬಾರದು. ಮಂಡ್ಯದ ಮಕ್ಕಳಿಗೆ 11.45ಕ್ಕೆ ಸ್ಥಳದಲ್ಲೇ ಊಟವಾಗಲಿ. ಸನ್ಮಾನ ಇದ್ದರೆ ಆಮೇಲೆ. ಹೆಡ್‌ಸೆಟ್ ಮೈಕ್ 1, ಕಾರ್ಡ್‌ಲೆಸ್ 1, ಅದನ್ನು ಹಿಡಿಯಲು ಒಬ್ಬರು. ಜಮಖಾನ, ಹಿಂದೆ 40 ಕುರ್ಚಿ. ಬ್ಯಾನರಿನಲ್ಲಿ ಚಿತ್ರಕಾರರ ಹೆಸರು. ಪ್ರತಿ ಶಾಲೆಗೆ 5 ಪುಸ್ತಕ. ಒಪ್ಪಿಗೆ ಚೀಟಿ ಇಲ್ಲದ ಮಕ್ಕಳ ಫೋಟೋ ಬೇಡ.'

ಮೈಕ್‌ಸೆಟ್

ಎರಡೂ ಮೈಕಿಗೆ ಹೊಸ ಸೆಲ್ ಅಂತ ಸೇರಿಸಿ. ಬೆಳಿಗ್ಗೆ ಉದ್ಘಾಟನೆಗೆ ಬಳಸಿದ ಸೆಲ್‌ನಲ್ಲೇ ಓಡಿಸುತ್ತಾರೆ, ನಿಮ್ಮ ಎರಡನೇ ಸರದಿಯ ನಡುವೆ ದನಿ ಕತ್ತರಿಸುತ್ತದೆ. ನಿಮ್ಮ ಚೀಲದಲ್ಲೂ ನಾಲ್ಕು ಪೆನ್ಸಿಲ್ ಸೆಲ್ ಇರಲಿ.

ಮದ್ದೂರು ಮೇಷ್ಟ್ರು

ಪತ್ರ ಚೆನ್ನಾಗಿದೆ ಅಕ್ಕ. ನೀರು ಬಿಟ್ಟುಹೋಗಿದೆ. 200 ಮಕ್ಕಳಿಗೆ 20 ಲೀಟರಿನ 4 ಕ್ಯಾನ್, ಸ್ಟೀಲ್ ಲೋಟ 30, ತೊಳೆಯಲು ಒಂದು ಬಕೆಟ್. ಕ್ಯಾನನ್ನು ಶಾಮಿಯಾನದ ಹೊರಗೆ, ಹಿಂಬದಿಯಲ್ಲಿ ಇಡಿಸಿ. ಮುಂದೆ ಇಟ್ಟರೆ ಒಬ್ಬ ಎದ್ದ ತಕ್ಷಣ ಎಲ್ಲರಿಗೂ ಬಾಯಾರಿಕೆ ಆಗುತ್ತದೆ.